ತವರಿನ ಸೀರೆ

ಕರೇಮಡ್ಡಿಯ ಊರಾಚೆ, ಹೊಳೆಯ ದಂಡೆಯ ಗುಡಿಸಲಿನಲ್ಲಿ ಪೂಜ್ಯ ನಿರ್ವಾಣಯ್ಯ ಅಜ್ಜನವರು ವಾಸವಾಗಿದ್ದರು. ಪುಂಡಿ ನಾರಿನ ಹಗ್ಗ ಹೊಸೆದು ರೈತರಿಗೆ ಕೊಡುವರು, ಬಂದ ರೊಟ್ಟಿಯಲ್ಲಿ ಅರ್ಧ ನಾಯಿಗೆ ಹಾಕುವರು. ಉಪದೇಶ ಕೇಳಲು ಹೋದವರಿಗೆ ಬಹುಮಟ್ಟಿಗೆ ಹಗ್ಗದ ಒಂದು ತುದಿ ಹಿಡಿದು ನಿಲ್ಲುವ ಕೆಲಸ ಸಿಗುತ್ತಿತ್ತು.

ಆ ಬೇಸಗೆ ಹೊಳೆಯ ನಡುವೆ ಮೆಕ್ಕಲು ಮಣ್ಣಿನ ಗಡ್ಡೆಯೊಂದು ಎದ್ದಿತು. ಕರೇಮಡ್ಡಿಯವರು ನಮ್ಮದೆಂದರು, ಆಚೆ ದಂಡೆಯ ಹಾಲಗುತ್ತಿಯವರು ನಮ್ಮದೆಂದರು. ತಲೆತಲಾಂತರದಿಂದ ಹೆಣ್ಣು ಕೊಟ್ಟು ತಂದುಕೊಂಡ ಊರುಗಳು ಕೊಡಲಿ ಮಸೆಯತೊಡಗಿದವು. ಕೊನೆಗೊಂದು ದಿನ, ಮರುದಿನ ಮುಂಜಾನೆ ಗಡ್ಡೆಯ ಮೇಲೆ ಕಾದಾಟವೆಂದು ನಿಶ್ಚಯವಾಯಿತು.

ಕರೇಮಡ್ಡಿಯ ಗಟ್ಟಿ ಆಳು ದುಂಡಪ್ಪ. ಅವನ ತಂಗಿ ಶಾವಂತ್ರೆವ್ವನನ್ನು ಹಾಲಗುತ್ತಿಯ ಲಗಮಣ್ಣನಿಗೆ ಕೊಟ್ಟಿತ್ತು. ಊರವರಿಗೆ ಇದೇ ಅನುಮಾನ. "ತಂಗಿ ಕೊಟ್ಟಾಂವ, ಇವನ ಕೈ ಏಳೂದಿಲ್ಲ" ಎಂದು ಕಟ್ಟೆಯ ಮೇಲೆ ಆಡಿಕೊಂಡರು. ಮೊದಲ ಪೆಟ್ಟು ನೀನೇ ಹಾಕಿ ಊರಿನವನೆಂದು ತೋರಿಸು ಎಂದರು. ಹೀಗೆ ಹೇಳಿದವರೆಲ್ಲ ಹಿಂದಿನ ಸಾಲಿನಲ್ಲಿ ನಿಲ್ಲುವವರೇ! ಆಚೆ ಊರಿನಲ್ಲೂ ಇದೇ ಬುದ್ಧಿ. ಅಲ್ಲಿ ಲಗಮಣ್ಣನನ್ನೇ ಮುಂದೆ ಮಾಡಿದ್ದರು. ದುಂಡಪ್ಪನಿಗೆ ಅತ್ತ ದರಿ, ಇತ್ತ ಪುಲಿ.

ಅವನಿಗೆ ಸಾಧುಸಂತರಲ್ಲಿ ನಂಬಿಕೆಯಿರಲಿಲ್ಲ. ಆದರೂ ಕೊಡಲಿಗೆ ಅಜ್ಜನವರ ಭಸ್ಮ ಹಚ್ಚಿಸಿಕೊಂಡು ಬಾ ಎಂಬ ಹಿರಿಯರ ಮಾತಿಗೆ ಸಂಜೆ ಗುಡಿಸಲಿಗೆ ಬಂದ. ನಮಸ್ಕಾರವನ್ನೂ ಮಾಡಲಿಲ್ಲ.

"ಇದಕ್ಕ ಭಸ್ಮ ಹಚ್ಚಿ ಕೊಡ್ರಿ. ನಾಳೆ ಮೊದಲನೇ ಪೆಟ್ಟು ನಂದು."

ಅಜ್ಜನವರು ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಆ ಕಡೆ ಮುಂದ ಯಾರು ನಿಂದರತಾರ?"

"ಲಗಮಣ್ಣ."

"ಸೀರಿ ತಂದಿ ಏನು?"

"ಯಾವ ಸೀರಿ?"

"ಗಂಡ ಸತ್ತ ಮಗಳಿಗೆ ತವರಿನವರಽ ಸೀರಿ ಒಯ್ದು ಉಡಸಬೇಕಲ್ಲ, ತಮ್ಮಾ. ಶಾವಂತ್ರೆವ್ವಗ ನೀ ಬಿಟ್ಟರ ಯಾರದಾರ? ಕೊಡಲಿ ಜೋಡಿ ಅದನ್ನೂ ತಗೊಂಡ ಬಾ. ಎರಡಕ್ಕೂ ಭಸ್ಮ ಹಚ್ಚತೀನಿ."

ದುಂಡಪ್ಪನ ಮುಖ ಕಪ್ಪಿಟ್ಟಿತು. "ಊರ ಮಾನದ ಮಾತರಿ ಇದು!" ಎಂದು ಕೂಗಿ, ಭಸ್ಮವಿಲ್ಲದೆಯೇ ಹೊರಟುಹೋದ. ಅಜ್ಜನವರು ಕರೆಯಲಿಲ್ಲ.

ಬೆಳಗಾಯಿತು. ಗಡ್ಡೆಯ ಎರಡು ಕಡೆ ಜನ ನಿಂತರು. ಲಗಮಣ್ಣ ಬಡಿಗೆ ಹಿಡಿದು ಮುಂದೆ ಬಂದ. ಅವನ ತುಟಿ ಒಣಗಿತ್ತು.

"ಹೊಡಿಯೋ ದುಂಡ್ಯಾ! ತಂಗಿ ನೆನಪಾತೇನು?" ಎಂದು ಹಿಂದಿನಿಂದ ಕೂಗಿದರು. ಆಚೆಯಿಂದಲೂ ಲಗಮಣ್ಣನಿಗೆ ಅಂಥದೇ ಮಾತು. ದುಂಡಪ್ಪ ಕೊಡಲಿ ಎತ್ತಿದ. ಎತ್ತಿದ ಕೈ ಅಲ್ಲಿಯೇ ನಿಂತಿತು. ಕಣ್ಣೆದುರು ಲಗಮಣ್ಣನಿರಲಿಲ್ಲ, ಬಿಳಿ ಸೀರೆಯ ಗಂಟು ಕಂಕುಳಲ್ಲಿಟ್ಟು ತಂಗಿಯ ಹೊಸ್ತಿಲು ದಾಟುತ್ತಿರುವ ತಾನೇ ಇದ್ದ.

ಅವನು ಕೊಡಲಿಯನ್ನು ಮಳಲಿಗೆ ಒಗೆದ.

"ಲಗಮಣ್ಣಾ, ತಂಗಿಗೆ ಬಿಳಿ ಸೀರಿ ನನ್ನ ಕೈಲೆ ಒಯ್ಯಾಕ ಆಗೂದಿಲ್ಲೋ" ಎಂದು ಕುಸಿದು ಕುಳಿತ.

ಲಗಮಣ್ಣನ ಬಡಿಗೆಯೂ ಕೆಳಗಿಳಿಯಿತು. ಹಿಂದಿನ ಸಾಲಿನಲ್ಲಿ ಹೆಚ್ಚು ಕೂಗುತ್ತಿದ್ದ ಮುದುಕನ ಬಾಯಿ ಕಟ್ಟಿತು. ಅವನ ಮಗಳೂ ಹಾಲಗುತ್ತಿಯಲ್ಲೇ ಇದ್ದಳು. ಪಕ್ಕದವನು ಎದುರು ಸಾಲಿನಲ್ಲಿ ತನ್ನ ಸೋದರಮಾವನನ್ನು ಗುರುತಿಸಿ ಮುಖ ತಿರುಗಿಸಿದ. ಸೀರೆ ಒಯ್ಯುವ ಸರದಿ ಯಾವ ಮನೆಗೆ ಬರದು? ಬೈಯುತ್ತಲೇ ಜನ ಚದುರಿದರು. ಗಡ್ಡೆಯ ತಂಟೆ ಪಂಚರ ಮುಂದೆ ಹೋಗಿ ವರ್ಷಗಟ್ಟಲೆ ಎಳೆದಾಡಿತು, ಆದರೆ ಒಂದು ಹನಿ ನೆತ್ತರು ಬೀಳಲಿಲ್ಲ.

ಅಂದು ಸಂಜೆ ದುಂಡಪ್ಪ ಗುಡಿಸಲಿಗೆ ಬಂದು ಅಜ್ಜನವರ ಪಾದ ಹಿಡಿದುಕೊಂಡ.

"ಊರಾಗ ನನ್ನ ಹೇಡಿ ಅಂತಾರ್ರಿ, ಅಜ್ಜಾರ."

"ಅನ್ನಲಿ. ನಿನ್ನ ತಂಗಿ ಏನಂದಳು?"

ಜನ ಚದುರಿದ ಮೇಲೆ ಗಡ್ಡೆಗೆ ಓಡಿಬಂದಿದ್ದ ಶಾವಂತ್ರೆವ್ವ ಒಂದು ಮಾತನ್ನೂ ಆಡಿರಲಿಲ್ಲ. ತನ್ನ ಹಣೆಯ ಕುಂಕುಮವನ್ನು ಮುಟ್ಟಿ ತೋರಿಸಿ, ಅಣ್ಣನ ಕೈಗಳೆರಡನ್ನೂ ಕಣ್ಣಿಗೊತ್ತಿಕೊಂಡಿದ್ದಳು. ಅದನ್ನು ಹೇಳಲು ಬಾಯಿ ತೆರೆದ ದುಂಡಪ್ಪನಿಗೆ ಅಳುವೊಂದೇ ಬಂದಿತು. ಪೂಜ್ಯರು ಅವನ ತಲೆಯ ಮೇಲೆ ಕೈಯಿಟ್ಟು, ಅವನು ಅತ್ತು ಮುಗಿಸುವವರೆಗೂ ತೆಗೆಯಲಿಲ್ಲ.