ಉಗ್ರಾಣದಿಂದ ಬಂದ ಉತ್ತರ

ಮೊಲರಾಯರು ಗುಡ್ಡದ ಬುಡದಲ್ಲಿ ಕಡಿಮೆ ಶುಲ್ಕದ ಖಾಸಗಿ ಶಾಲೆಯೊಂದನ್ನು ನಡೆಸುತ್ತಿದ್ದರು. ಮಗಳನ್ನು ಸೇರಿಸುವ ಮುನ್ನ ಶಾಲೆ ಹೇಗಿದೆಯೆಂದು ನೋಡಿಹೋಗಲು ಮೇಕೆಮ್ಮ ಒಂದು ಬೆಳಿಗ್ಗೆ ಬಂದಳು. ನಲ್ಲಿ ತಿರುಗಿಸಿ ನೀರು ಕುಡಿದು ನೋಡಿದಳು, ಶೌಚಾಲಯದೊಳಗೆ ಇಣುಕಿದಳು, ಗ್ರಂಥಾಲಯದ ಪುಸ್ತಕವೊಂದನ್ನು ತಿನ್ನದೆ ತಿರುವಿ ಹಾಕಿದಳು.

"ಈ ಶುಲ್ಕಕ್ಕೆ ಇಷ್ಟೆಲ್ಲ ಕೊಡುತ್ತೀರಲ್ಲ, ಮೆಚ್ಚಬೇಕಾದ್ದೇ," ಎಂದಳು. ರಾಯರು ಉಬ್ಬಿಹೋದರು.

ಕೊನೆಗೆ ಅವಳು ತರಗತಿಗೆ ಹೋಗಿ, "ಮಕ್ಕಳೇ, ಏಳೆಂಟ್ಲ ಎಷ್ಟು?" ಎಂದು ಕೇಳಿದಳು. ಮರಿಗಳೆಲ್ಲ ಮುಖ ಮುಖ ನೋಡಿಕೊಂಡವು. ಆಗ ಪಕ್ಕದ ಉಗ್ರಾಣದ ಮುಚ್ಚಿದ ಬಾಗಿಲ ಹಿಂದಿನಿಂದ, "ಐವತ್ತಾರು!" ಎಂಬ ದನಿ ಬಂತು.

"ಒಳಗೆ ಯಾರಿದ್ದಾರೆ?"

ರಾಯರು ತೊದಲಿದರು. "ಒಂದು ಅಳಿಲುಮರಿ, ಅಮ್ಮಾ. ಕಾಲು ಎಳೆದುಕೊಂಡು ನಡೆಯುತ್ತದೆ. ಪೋಷಕರ ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲವೆಂದು ಇವತ್ತೊಂದು ದಿನ..."

ಮೇಕೆಮ್ಮ ಉಗ್ರಾಣದ ಬಾಗಿಲಿನಿಂದ ರಾಯರ ಕಡೆ ತಿರುಗಿದಳು. "ನನ್ನ ಮಗಳಿಗೆ ಎರಡೂ ಕಣ್ಣು ಕಾಣಿಸುವುದಿಲ್ಲ, ಮೇಷ್ಟ್ರೇ. ನಿಮ್ಮಲ್ಲಿ ನೀರಿದೆ, ನೆರಳಿದೆ, ಪುಸ್ತಕಗಳಿವೆ. ಪೋಷಕರು ಬಂದ ದಿನ ಅವಳನ್ನು ಎಲ್ಲಿ ಕೂರಿಸುತ್ತೀರಿ?"

ರಾಯರು ಓಡಿಹೋಗಿ ಬಾಗಿಲು ತೆರೆದು, ಅಳಿಲುಮರಿಯನ್ನು ಎತ್ತಿ ತಂದು ಮುಂದಿನ ಬೆಂಚಿನಲ್ಲಿ ಕೂರಿಸಿದರು. ತಿರುಗಿ ನೋಡುವಷ್ಟರಲ್ಲಿ ಮೇಕೆಮ್ಮ ಗೇಟು ದಾಟಿಯಾಗಿತ್ತು.

"ಅವರಿಗೆ ನಮ್ಮ ಶಾಲೆ ಹಿಡಿಸಿತಾ, ಸಾರ್?" ಎಂದು ಅಳಿಲುಮರಿ ಕೇಳಿತು.

ರಾಯರು ಸೀಮೆಸುಣ್ಣ ಹುಡುಕುವ ನೆಪದಲ್ಲಿ ಗೋಡೆಯ ಕಡೆ ಮುಖ ಮಾಡಿ ನಿಂತರು.