ಪಾದ ತೊಳೆದ ನೀರು

ಹೊಳೆ ದಂಡೆಯ ಒಂದು ಆಶ್ರಮದಲ್ಲಿ ಚಿದಂಬರಯ್ಯ ಎಂಬ ಗುರುಗಳಿದ್ದರು. ಅವರ ಸೇವೆಗೆ ವಾಮದೇವ ಎಂಬ ಶಿಷ್ಯನಿದ್ದ. ಹನ್ನೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ, ಕೆಲಸ ಬಿಟ್ಟು ಬಂದವನು. ಊರವರು ಈಗಲೂ ಅವನನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು.

ಒಂದು ಬೆಳಿಗ್ಗೆ ಹಾಲಮ್ಮ ಎಂಬ ಹೆಂಗಸು ತನ್ನ ಒಂಬತ್ತು ವರ್ಷದ ಮಗಳು ಚೈತ್ರಳನ್ನು ಹೆಗಲ ಮೇಲೆ ಹಾಕಿಕೊಂಡು ಬಂದಳು. ಹುಡುಗಿಯ ಕಣ್ಣು ಅರ್ಧ ಮುಚ್ಚಿತ್ತು. ಅಮ್ಮನ ಹೆಗಲ ಮೇಲಿದ್ದರೂ ಓಡಿ ಬಂದವಳ ಹಾಗೆ ಏದುಸಿರು ಬಿಡುತ್ತಿದ್ದಳು.

"ಇನ್ನೊಂದು ಬಾಟ್ಲಿ ತೀರ್ಥ ಕೊಡಿಸಿ ಬುದ್ಧಿ," ಎಂದು ಹಾಲಮ್ಮ ಗುರುಗಳನ್ನು ಕೇಳಿದಳು.

"ಯಾವ ತೀರ್ಥ?"

"ನಿಮ್ಮ ಪಾದ ತೊಳೆದದ್ದು. ಮೇಷ್ಟ್ರು ಕೊಟ್ಟಿದ್ದು ಖಾಲಿ ಆಯ್ತು."

ಗುರುಗಳು ಶಿಷ್ಯನ ಕಡೆ ನೋಡಿದರು. ಆ ನೀರು ದಿನವೂ ಬಾಳೆಯ ಬುಡಕ್ಕೆ ಹೋಗುತ್ತದೆ ಎಂದು ಅವರು ಅಂದುಕೊಂಡಿದ್ದರು.

"ಮಗುವಿಗೆ ಏನಾಗಿದೆ ತಾಯಿ?"

"ಸಕ್ಕರೆ ಕಾಯಿಲೆ. ದಿನಾ ಇಂಜೆಕ್ಷನ್ ಕೊಡ್ತಿದ್ದೆ. ನಾಲ್ಕು ದಿನದಿಂದ ನಿಲ್ಲಿಸಿದೀನಿ."

"ಯಾರು ನಿಲ್ಲಿಸು ಅಂದಿದ್ದು?"

"ತೀರ್ಥ ಕುಡಿಯುವಾಗ ಔಷಧಿ ಮುಟ್ಟಬಾರದು ಅಂತ ಮೇಷ್ಟ್ರು ಹೇಳಿದ್ರು. ಬೇರೆ ಯಾರಾದ್ರೂ ಹೇಳಿದ್ರೆ ನಾನು ನಂಬ್ತಿರಲಿಲ್ಲ. ಸೈನ್ಸ್ ಮೇಷ್ಟ್ರೇ ಹೇಳಿದ ಮೇಲೆ ಇನ್ನೇನು ಬುದ್ಧಿ?"

ಗುರುಗಳು ಬಾಗಿ ಹುಡುಗಿಯ ಉಸಿರನ್ನು ಮೂಸಿದರು. ಕೊಳೆತ ಹಣ್ಣಿನ ವಾಸನೆ. ಇಪ್ಪತ್ತು ವರ್ಷದಿಂದ ಅವರಿಗೂ ಸಕ್ಕರೆ ಕಾಯಿಲೆ. ಆ ವಾಸನೆ ಬಂದ ಮೇಲೆ ಜೀವ ಉಳಿಸಲು ಹೆಚ್ಚು ಹೊತ್ತಿರುವುದಿಲ್ಲ ಎಂದು ಅವರು ಕೇಳಿ ಬಲ್ಲರು.

"ನನಗೂ ಇದೇ ಕಾಯಿಲೆ ತಾಯಿ, ನಾನೇ ದಿನಾ ಇಂಜೆಕ್ಷನ್ ತಗೋತೀನಿ. ವ್ಯಾನ್ ತೆಗೆಸಿ. ಈಗಲೇ ಆಸ್ಪತ್ರೆಗೆ ಹೋಗಬೇಕು," ಎಂದರು. ತೋಟದಲ್ಲಿದ್ದ ಡ್ರೈವರನ್ನು ಕರೆಯಲು ಅಡುಗೆಯವನು ಓಡಿದ.

ಹಾಲಮ್ಮನಿಗೆ ಆಗ ಭಯವಾಯಿತು. "ನಿಮ್ಮ ಹತ್ತಿರ ಇರೋ ಇಂಜೆಕ್ಷನ್ನೇ ಚುಚ್ಚಿಬಿಡಿ ಬುದ್ಧಿ."

"ಇವಳಿಗೆ ಈಗ ಎಷ್ಟು ಕೊಡಬೇಕು ಅಂತ ನನಗೆ ಗೊತ್ತಿಲ್ಲ ತಾಯಿ. ಗೊತ್ತಿಲ್ಲದ್ದನ್ನ ಮಾಡೋಕೆ ಈ ಆಶ್ರಮದಲ್ಲಿ ಆಗಲೇ ಒಬ್ಬ ಇದಾನೆ."

ನಂತರ ಶಿಷ್ಯನ ಕಡೆ ತಿರುಗಿದರು.

"ಬೆಳಿಗ್ಗೆ ನನಗೆ ಸೂಜಿ ಚುಚ್ಚಿದ್ದು ಯಾರು?"

"ನಾನೇ, ಗುರುಗಳೇ."

"ಯಾವ ಔಷಧಿ?"

"ಇನ್ಸುಲಿನ್."

"ಅದಾದ ಮೇಲೆ?"

"ಪಾದ ತೊಳೆದೆ. ಹುಣ್ಣಿಗೆ ಮುಲಾಮು ಹಚ್ಚಿ ಬಟ್ಟೆ ಕಟ್ಟಿದೆ."

ಗುರುಗಳು ಜಗುಲಿಯ ಮೇಲೆ ಕುಳಿತು ಬಲಗಾಲಿನ ಬಟ್ಟೆ ಬಿಚ್ಚಿದರು. ಹೆಬ್ಬೆರಳ ಕೆಳಗೆ ರೂಪಾಯಿ ಅಗಲದ ಹುಣ್ಣು. ಏಳು ತಿಂಗಳಿಂದ ಮಾಯದೆ ಕೂತಿತ್ತು.

"ಆ ನೀರು ಮೊದಲು ಮುಟ್ಟೋದು ಯಾವುದನ್ನ?"

ವಾಮದೇವ ಬಿಚ್ಚಿದ ಬಟ್ಟೆಯನ್ನು ಎತ್ತಿಕೊಂಡು ಸುತ್ತತೊಡಗಿದ.

"ಏಳು ತಿಂಗಳು ದಿನಾ ಆ ನೀರು ಬಿದ್ದಿದ್ದು ಇದರ ಮೇಲೆ. ತೊಳೆದವನು ನೀನು, ಒರೆಸಿದವನು ನೀನು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತಾರೆ. ನಿನಗೆ ಕಣ್ಣೆದುರಿನ ಹುಣ್ಣೇ ಕಾಣಲಿಲ್ಲ."

"ನಂಬಿಕೆಯನ್ನ ಪ್ರಶ್ನೆ ಮಾಡಬಾರದು ಅಂತ..."

"ಅಂತ ನಾನು ಯಾವತ್ತು ಹೇಳಿದೆ?"

"ನೀವು ಹೇಳಿಲ್ಲ. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಹೇಳ್ತಾರೆ. ನಾನೂರು ಜನ ಇದಾರೆ. ತೀರ್ಥದಿಂದ ವಾಸಿಯಾಯ್ತು ಅಂತ ಎಷ್ಟೋ ಜನ ಬರೆದಿದಾರೆ."

"ಅವರಲ್ಲಿ ಎಷ್ಟು ಜನರ ಮನೆಗೆ ಹೋಗಿ ನೋಡಿದೆ?"

"ಒಬ್ಬರ ಮನೆಗೂ ಹೋಗಿಲ್ಲ."

"ವಾಸಿಯಾಗಲಿಲ್ಲ ಅಂತ ಯಾರೂ ಬರೆಯಲಿಲ್ಲವಾ?"

ವಾಮದೇವನ ದನಿ ಇಳಿಯಿತು. "ಅಂಥದ್ದು ಬಂದರೆ ನಾನು ಅಳಿಸಿಬಿಡ್ತೀನಿ."

ಈ ಕಥೆ ಹೇಳುವಾಗ ನನಗೇ ಸಿಟ್ಟು ನೆತ್ತಿಗೇರುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಹಾಲಮ್ಮನಿಗೆ ಒಂದು ಸಣ್ಣ ಅನುಮಾನವಾದರೂ ಇತ್ತು. ಅದನ್ನು ಅಳಿಸಿದವನು ಓದಿದವನು. ಅವನ ಹನ್ನೊಂದು ವರ್ಷದ ಪಾಠ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು.

"ಈ ಹುಣ್ಣಿನ ಫೋಟೋ ತೆಗಿ. ನಾನೂರು ಜನಕ್ಕೂ ಕಳಿಸು," ಎಂದರು ಗುರುಗಳು.

ವಾಮದೇವ ಫೋಟೋ ತೆಗೆದು ಕಳಿಸಿದ. ಅಷ್ಟರಲ್ಲಿ ವ್ಯಾನ್ ಬಂತು.

"ನೀನೂ ಹತ್ತು. ಔಷಧಿ ನಿಲ್ಲಿಸಿದ್ದು ಯಾರು ಅಂತ ಡಾಕ್ಟರು ಕೇಳ್ತಾರೆ. ಈ ತಾಯಿ ಬಾಯಿ ಬಿಡೋದರೊಳಗೆ ನೀನು ಹೇಳಬೇಕು."

ಹಾಲಮ್ಮ ಮಗಳನ್ನು ಮಡಿಲಲ್ಲಿ ಮಲಗಿಸಿಕೊಂಡು ಕೇಳಿದಳು. "ಉಳೀತಾಳಾ ಬುದ್ಧಿ?"

ಉಳಿಯುತ್ತಾಳೆ ಎಂದುಬಿಟ್ಟಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಗುರುಗಳು ಹಾಗೆನ್ನಲಿಲ್ಲ.

"ಗೊತ್ತಿಲ್ಲ ತಾಯಿ. ತೊಳೀತಾನೆ ಅಂತ ನಾನು ದಿನಾ ಕಾಲು ಚಾಚಿದೆ. ಆ ನೀರು ಎಲ್ಲಿಗೆ ಹೋಗುತ್ತೆ ಅಂತ ಒಂದು ದಿನವೂ ಕೇಳಲಿಲ್ಲ. ತಪ್ಪು ನನ್ನದೂ ಇದೆ."

ಮೂರನೆಯ ದಿನ ವಾಮದೇವ ಒಬ್ಬನೇ ಹಿಂದಿರುಗಿದ.

"ಬದುಕಿದಳು ಗುರುಗಳೇ. ಇವತ್ತು ಎದ್ದು ಕೂತು ಅಮ್ಮನ ಹತ್ತಿರ ಇಡ್ಲಿ ಕೇಳಿದಳು."

ಗುರುಗಳು ಕಂಬಕ್ಕೆ ಒರಗಿ ಕಣ್ಣು ಮುಚ್ಚಿದರು. ಆಮೇಲೆ ಕೇಳಿದರು.

"ಆ ಫೋಟೋಗೆ ನಿನ್ನ ಜನ ಏನಂದರು?"

"ಮುನ್ನೂರು ಜನ ಕೈ ಮುಗಿದಿದಾರೆ. ಮನೆಯಲ್ಲೇ ಪಾದದರ್ಶನ ಆಯ್ತು ಅಂತ ಬರೆದಿದಾರೆ."

"ಹುಣ್ಣು ಯಾಕೆ ಮಾದಿಲ್ಲ ಅಂತ ಎಷ್ಟು ಜನ ಕೇಳಿದರು?"

"ಯಾರೂ ಇಲ್ಲ. ಭಕ್ತರ ಕಾಯಿಲೆಯನ್ನೆಲ್ಲ ನೀವು ನಿಮ್ಮ ಮೈಮೇಲೆ ತಗೊಂಡಿದೀರಿ ಅಂತ ಒಬ್ಬರು ಬರೆದರು. ಮಿಕ್ಕವರೆಲ್ಲ ಹೌದು ಹೌದು ಅಂದರು."

ಗುರುಗಳಿಗೆ ನಗು ಬಂತು. ಕೇಳಿದವರಿಗೆ ಹೆದರಿಕೆಯಾಗುವಂಥ ನಗು.

"ನಾನು ಆ ಗ್ರೂಪು ಮುಚ್ಚಿಬಿಟ್ಟೆ," ಎಂದ ವಾಮದೇವ. "ಇನ್ನು ಮೇಲೆ ಯಾರ ಮಾತನ್ನೂ ಕೇಳಲ್ಲ. ನೀವು ಹೇಳಿದ್ದನ್ನ ಮಾತ್ರ ನಂಬ್ತೀನಿ. ಮಗು ಉಳಿದಿದ್ದು ನಿಮ್ಮ ಕೃಪೆಯಿಂದ."

ಗುರುಗಳ ಮುಖ ಕೆಂಪಾಯಿತು.

"ಆಸ್ಪತ್ರೆಯಲ್ಲಿ ಅವಳ ಪಕ್ಕದಲ್ಲಿ ಯಾರಿದ್ದರು?"

"ಒಬ್ಬರು ಡಾಕ್ಟರಮ್ಮ. ಇನ್ನೂ ಚಿಕ್ಕ ವಯಸ್ಸು. ಎರಡು ದಿನ ಮನೆಗೇ ಹೋಗಲಿಲ್ಲ. ಗಂಟೆಗೊಂದು ಸಲ ರಕ್ತ ಪರೀಕ್ಷೆ ಮಾಡಿ ಒಂದು ಹಾಳೆಯಲ್ಲಿ ಬರೀತಿದ್ದರು. ಅದನ್ನ ನೋಡಿ ಔಷಧಿ ಹೆಚ್ಚು ಕಮ್ಮಿ ಮಾಡ್ತಿದ್ದರು."

"ಏನು ಬರೆದರು?"

"ನೋಡಲಿಲ್ಲ. ನಾನು ಹೊರಗೆ ಕೂತು ನಿಮ್ಮ ನಾಮ ಜಪಿಸ್ತಿದ್ದೆ."

"ಅವರ ಹೆಸರು?"

"ಕೇಳಲಿಲ್ಲ."

ವಾಮದೇವ ಅಡ್ಡಬೀಳಲು ಬಾಗಿದ. ಗುರುಗಳು ಕಾಲು ಹಿಂದಕ್ಕೆ ಎಳೆದುಕೊಂಡರು.

"ವಾಪಸ್ ಹೋಗು. ಆ ಡಾಕ್ಟರಮ್ಮನ ಹೆಸರು ಕೇಳು. ಗಂಟೆ ಗಂಟೆಗೂ ಏನು ಬರೆದರು, ಯಾಕೆ ಬರೆದರು ಅಂತ ಆ ಹಾಳೆ ಹಿಡಿದು ಓದು. ಅರ್ಥ ಆಗದೇ ಇದ್ದರೆ ಅವರ ಕಾಲು ಹಿಡೀಬೇಡ, ಪ್ರಶ್ನೆ ಕೇಳು."