ಫಕೀರವ್ವ ಹೊಲಿದ ವಿಮಾನ

ಎಷ್ಟು ಹಿಂದಿನ ಮಾತು ಅಂತ ಕೇಳಬೇಡಿ, ಅದು ನಮ್ಮಜ್ಜಿಗೂ ಗೊತ್ತಿರಲಿಲ್ಲ. ಕರಿಮಣ್ಣಿನ ಸೀಮೆಯ ಒಂದು ಊರಿನಲ್ಲಿ, ನಮ್ಮೂರಲ್ಲೇ ಅನ್ನಿ, ಫಕೀರವ್ವ ಅಂತ ಕೌದಿ ಹೊಲಿಯುವವಳೊಬ್ಬಳು ಇದ್ದಳಂತೆ. ಹಳೆ ಸೀರೆ, ಹರಕು ಧೋತರ, ಏನು ಕೊಟ್ಟರೂ ಪದರ ಪದರ ಸೇರಿಸಿ ಬೆಚ್ಚನೆ ಹೊದಿಕೆ ಹೊಲಿದು ಕೊಡುವಳು. ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೊಂದು ಹಿಡಿ ಜೋಳ ಇಡುವಳು. ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಮನೆಯಿಂದ ಕಳಿಸಬಾರದು ಅನ್ನುವುದು ಅವಳ ಹಟ.

ಅವಳಿಗೆ ಒಬ್ಬನೇ ಮಗ, ಯಮನೂರ. ಮಿಲಿಟರಿಯಿಂದ ಕರೆ ಬಂದ ದಿನ ಅವನಿಗೆಂದು ಹೊಲಿಯುತ್ತಿದ್ದ ಕೌದಿಯ ಒಂದು ಮೂಲೆ ಬಾಕಿ ಇತ್ತಂತೆ. ಲಾರಿ ಹಾರ್ನ್ ಹೊಡೆಯಿತು, ಅವನು ಅದನ್ನು ಹಾಗೇ ಸುತ್ತಿಕೊಂಡು ಓಡಿದ. ಹೋದವನ ಸುದ್ದಿ ಬರಲಿಲ್ಲ. ಸತ್ತ ಅನ್ನುವ ಕಾಗದವೂ ಬರಲಿಲ್ಲ. ಕೌದಿ ಹಸಿದುಕೊಂಡು ಹೋಯಿತಲ್ಲ ಅಂತ ಅವಳು ತನ್ನನ್ನೇ ಬೈದುಕೊಳ್ಳುವಳು.

ಒಂದು ಬೇಸಿಗೆಯ ಮಧ್ಯಾಹ್ನ, ಬಿಸಿಲಿಗೆ ಹೊಲಗಳೆಲ್ಲ ನೀರಿನ ಹಾಗೆ ಅಲೆಯಾಡುತ್ತಿದ್ದಾಗ, ಗಿರಗಿರ ತಿರುಗುವ ಎರಡು ಪಂಖದ ಡಕೋಟಾ ವಿಮಾನವೊಂದು ತೂರಾಡುತ್ತ ಬಂದು ಖಾಲಿ ಹೊಲದಲ್ಲಿ ಇಳಿಯಿತಂತೆ. ಮೊದಲೆಲ್ಲ ದೊಡ್ಡ ಮನುಷ್ಯರನ್ನು ಮೆತ್ತನೆ ಕುರ್ಚಿಯಲ್ಲಿ ಕೂರಿಸಿ ಊರೂರಿಗೆ ಒಯ್ಯುತ್ತಿದ್ದ ವಿಮಾನ ಅದು. ಯುದ್ಧ ಬಂದಾಗ ಸೈನ್ಯದವರು ಕುರ್ಚಿ ಕಿತ್ತು ಬೆಂಚು ಹಾಕಿದ್ದರು. ಒಳಗೆಲ್ಲ ಗಾಯಗೊಂಡ ಸಿಪಾಯಿಗಳು. ಸಂಜೆಯೊಳಗೆ ಆಸ್ಪತ್ರೆ ಸೇರದಿದ್ದರೆ ನಾಲ್ಕೈದು ಜನ ಉಳಿಯುವಂತಿರಲಿಲ್ಲ. ಬಾಲದಲ್ಲಿ ದಿಕ್ಕು ತಿರುಗಿಸುವ ಹಲಗೆಗೆ ತಗಡಿನ ಬದಲು ಬಟ್ಟೆ ಬಿಗಿದಿದ್ದರು, ಅದು ಉದ್ದಕ್ಕೂ ಹರಿದುಹೋಗಿತ್ತು. ವಿಮಾನಕ್ಕೂ ಬಟ್ಟೆಯೇ ಅಂತ ನಗಬೇಡಿ, ಆಗ ಹಾಗೇ ಇತ್ತು.

ಹೊಲಿಯಲು ಊರವರು ಕರೆತಂದ ಫಕೀರವ್ವ ಮೊದಲು ಒಳಗೆ ಹೋಗಿ ಒಬ್ಬೊಬ್ಬರ ಮುಖ ನೋಡಿದಳಂತೆ. ಯಮನೂರ ಇರಲಿಲ್ಲ. ಹೊರಗೆ ಬಂದವಳೇ, ಮಗ ಬಂದಾಗ ಉಡಲಿ ಅಂತ ಎತ್ತಿಟ್ಟಿದ್ದ ಹೊಸ ಧೋತರವನ್ನು ತೇಪೆಗೆ ಹರಿದಳು. ಹೊಲಿದಳು, ಹೊಲಿದಳು, ಊರೆಲ್ಲ ಸುತ್ತ ನಿಂತು ನೋಡುತ್ತಿತ್ತು. ಕೊನೆಯ ಮೂಲೆ ಉಳಿದಾಗ ಸೆರಗಿನಿಂದ ಒಂದು ಹಿಡಿ ಜೋಳ ತೆಗೆದಳು. ಪೈಲಟ್ ಹೌಹಾರಿದ. ಬಾಲಕ್ಕೆ ಅಷ್ಟು ಭಾರ ಬಿದ್ದರೆ ವಿಮಾನ ನಡುಗುತ್ತದೆ, ಎಲ್ಲರೂ ಸಾಯುತ್ತೇವೆ ಅಂದ. ಅವಳು ಸೂಜಿ ಕೆಳಗಿಟ್ಟಳು.

"ನನ್ನ ಮಗನ್ನ ಹಂಗ ಕಳಿಸೀನಿ. ಇವ್ರನ್ನ ಮಾತ್ರ ಕಳಸೂದಿಲ್ಲ."

ಹೊತ್ತು ಇಳಿಯುತ್ತಿತ್ತು. ಹಿಡಿಯಿಂದ ಚಿಟಿಕೆಗೆ, ಚಿಟಿಕೆಯಿಂದ ಐದು ಕಾಳಿಗೆ ಇಬ್ಬರೂ ಇಳಿದು ಒಪ್ಪಿಕೊಂಡರಂತೆ. ವಿಮಾನ ಧೂಳೆಬ್ಬಿಸಿ ಮೇಲೆದ್ದಿತು, ಊರ ಮೇಲೊಂದು ಸುತ್ತು ಹಾಕಿ ಹೋಯಿತು. ಒಳಗಿದ್ದವರೆಲ್ಲ ಬದುಕಿದರು ಅಂತಾರೆ.

ಅದರ ಜೊತೆಯ ವಿಮಾನಗಳನ್ನೆಲ್ಲ ಗುಜರಿಗೆ ಕಡಿದು ಹಾಕಿದರಂತೆ. ಅದೊಂದು ಮಾತ್ರ ಯಾವುದೋ ಮಿಲಿಟರಿ ದಂಡಿನ ಬಾಗಿಲಲ್ಲಿ ಬಣ್ಣ ಹಚ್ಚಿಕೊಂಡು ಇನ್ನೂ ನಿಂತಿದೆ ಅಂತಾರೆ. ಮಳೆಗಾಲದಲ್ಲಿ ಬಾಲದಿಂದ ಜೋಳದ ಮೊಳಕೆ ಇಣುಕುತ್ತದೆ ಅನ್ನುವವರೂ ಇದ್ದಾರೆ. ನಾನು ನೋಡಿಲ್ಲ, ಆದರೆ ಸುಳ್ಳು ಅನ್ನುವುದಕ್ಕೆ ಮನಸ್ಸೂ ಬರುವುದಿಲ್ಲ.

ಯಮನೂರ ಬರಲೇ ಇಲ್ಲ. ಬಾಗಿಲಲ್ಲಿ ಕಾದು ಕಾದು ಅವಳು ತೀರಿಹೋದಳು. 

ಅವಳ ಮನೆ ಬಿದ್ದುಹೋಗಿದೆ, ಹೊಸ್ತಿಲ ಕಲ್ಲು ಉಳಿದಿದೆ. ಮಿಲಿಟರಿಯಿಂದ ರಜೆಗೆ ಬಂದ ನಮ್ಮೂರ ಮಕ್ಕಳು ಇಂದಿಗೂ ಮೊದಲು ತಮ್ಮ ಮನೆಗೆ ಹೋಗುವುದಿಲ್ಲ. ಟ್ರಂಕು ಹೊತ್ತುಕೊಂಡೇ ಆ ಕಲ್ಲಿನ ಮುಂದೆ ನಿಂತು, "ಯವ್ವಾ, ನಾ ಬಂದ್ನಿ" ಅಂತ ಕೂಗುತ್ತಾರೆ. ಹೆತ್ತ ತಾಯಿ ಹಿಂದೆ ನಿಂತು ಕಾಯುತ್ತಾಳೆ. ಆ ಕೂಗು ಮುಗಿಯುವವರೆಗೆ ಅವಳು ಮಗನನ್ನು ಮುಟ್ಟುವುದಿಲ್ಲ.